ತಪಾಸಣೆಯ ಮರುದಿನ: ಶಾಲಾ ಶುಶ್ರೂಷಕಿಗೊಂದು ಪತ್ರ

ವಸತಿ ಶಾಲೆಯ ಶುಶ್ರೂಷಕಿಯಾಗಿ ಕೆಲಸಕ್ಕೆ ಸೇರುತ್ತಿರುವ ಮಗಳಿಗೆ,

ವೈದ್ಯರ ತಪಾಸಣೆ ಇದ್ದಮೇಲೆ ಶಾಲೆಗೆ ಪ್ರತ್ಯೇಕ ಶುಶ್ರೂಷಕಿ ಏಕೆ ಬೇಕು ಎಂಬ ಪ್ರಶ್ನೆಗೆ ನ್ಯೂಯಾರ್ಕ್ ನಗರ 1902ರಲ್ಲಿ ಕಂಡುಕೊಂಡ ಉತ್ತರ ಇಂದಿಗೂ ಹಳತಾಗಿಲ್ಲ. ಅಲ್ಲಿ 1897ರಿಂದಲೇ ವೈದ್ಯರು ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಆದರೆ ತಲೆಯಲ್ಲಿ ಹೇನು, ಮೈಮೇಲೆ ಕಜ್ಜಿ, ಅಥವಾ ರೆಪ್ಪೆಯ ಒಳಪದರವನ್ನು ಒರಟಾಗಿಸಿ ಕ್ರಮೇಣ ದೃಷ್ಟಿಯನ್ನೇ ಕಸಿದುಕೊಳ್ಳಬಲ್ಲ ಟ್ರಕೋಮಾ ಎಂಬ ಕಣ್ಣಿನ ಸೋಂಕು ಕಂಡುಬಂದ ಮಗುವನ್ನು ಚೀಟಿಯೊಂದಿಗೆ ಮನೆಗೆ ಕಳಿಸುವಲ್ಲಿಗೆ ಅವರ ಕೆಲಸ ಮುಗಿಯುತ್ತಿತ್ತು. ವಲಸೆ ಬಂದ ಬಡ ಕುಟುಂಬಗಳಲ್ಲಿ ಆ ಚೀಟಿಯನ್ನು ಓದಿ ಅದರಂತೆ ನಡೆಯಬಲ್ಲವರು ವಿರಳವಾಗಿದ್ದುದರಿಂದ ರೋಗ ವಾಸಿಯಾಗುತ್ತಿರಲಿಲ್ಲ, ಮಗುವಿನ ಓದು ಮಾತ್ರ ನಿಲ್ಲುತ್ತಿತ್ತು. ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಎಂಬ ಸೇವಾಸಂಸ್ಥೆಯನ್ನು ಕಟ್ಟಿದ ಲಿಲಿಯನ್ ವಾಲ್ಡ್ ಅವರು 1902ರ ಅಕ್ಟೋಬರ್‌ನಲ್ಲಿ ಲಿನಾ ರೋಜರ್ಸ್ ಎಂಬ ನರ್ಸ್ ಅವರನ್ನು ಪ್ರಯೋಗಾರ್ಥವಾಗಿ ನಾಲ್ಕು ಶಾಲೆಗಳಿಗೆ ಕಳಿಸಿಕೊಟ್ಟರು. ಸಣ್ಣಪುಟ್ಟ ಸೋಂಕುಗಳಿಗೆ ಶಾಲೆಯಲ್ಲೇ ಮದ್ದು ಹಚ್ಚಿ ಮಗುವನ್ನು ತರಗತಿಗೆ ಮರಳಿಸಿ, ಮನೆಗಳಿಗೂ ಹೋಗಿ ತಾಯಂದಿರಿಗೆ ಚಿಕಿತ್ಸೆಯ ಕ್ರಮವನ್ನು ಕೈಯಾರೆ ಮಾಡಿ ತೋರಿಸಿದ ಅವರ ವಿಧಾನವನ್ನು ನಗರಾಡಳಿತ ಬೇಗನೆ ಒಪ್ಪಿ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು. 1902ರ ಸೆಪ್ಟೆಂಬರ್‌ನಲ್ಲಿ ಸೋಂಕಿನ ಕಾರಣಕ್ಕೆ ಶಾಲೆಯಿಂದ ಹೊರಗುಳಿಸಿದ ಪ್ರಕರಣಗಳು 10,567 ಇದ್ದರೆ, ಮರುವರ್ಷದ ಅದೇ ತಿಂಗಳಲ್ಲಿ ಅವು 1,101ಕ್ಕೆ ಇಳಿದವು.

ರೋಗವನ್ನು ಗುರುತಿಸುವುದಕ್ಕೂ ಗುಣಪಡಿಸುವುದಕ್ಕೂ ನಡುವೆ ಇರುವ ಈ ತೆರಪನ್ನು ತುಂಬುವುದೇ ಶಾಲಾ ಶುಶ್ರೂಷಕಿಯ ನಿಜವಾದ ಕೆಲಸ. ಭಾರತದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಅಂದರೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ದೋಷ, ಕೊರತೆ, ಕಾಯಿಲೆ ಮತ್ತು ಬೆಳವಣಿಗೆಯ ವಿಳಂಬವನ್ನು ಮೊದಲೇ ಪತ್ತೆ ಹಚ್ಚುವ ಯೋಜನೆಯಡಿ, ಸಂಚಾರಿ ತಂಡವೊಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿ ನೀಡಬೇಕೆಂಬ ನಿಯಮವಿದೆ. ವರ್ಷದ ಉಳಿದ ದಿನಗಳಲ್ಲಿ ಕಣ್ಣು ಮಂಜಾಗಿದೆಯೆಂದು ಬರೆಸಿಕೊಂಡ ಮಗುವಿಗೆ ಕನ್ನಡಕ ಬಂದಿತೇ, ಬಂದದ್ದನ್ನು ಅದು ಹಾಕಿಕೊಳ್ಳುತ್ತಿದೆಯೇ ಎಂದು ನೋಡುವವರು ಬೇಕು. ಆದ್ದರಿಂದ ಶುಶ್ರೂಷಕಿಯ ದಾಖಲೆ ಪುಸ್ತಕದಲ್ಲಿ ಕಾಯಿಲೆಯ ಹೆಸರಿನ ಪಕ್ಕದಲ್ಲೇ ಮುಂದೇನಾಯಿತು ಎಂಬುದಕ್ಕೂ ಒಂದು ಅಂಕಣ ಇರಬೇಕು.

ವಸತಿ ಶಾಲೆಯಲ್ಲಿ ಮಲಗುವ ಕೋಣೆಯೇ ಮನೆಯಾಗಿರುವುದರಿಂದ ಕಜ್ಜಿಯಂಥ ಕಾಯಿಲೆ ಅಲ್ಲಿ ಒಬ್ಬರದಾಗಿ ಉಳಿಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಚರ್ಮದಡಿ ಬಿಲ ಕೊರೆದು ಮೊಟ್ಟೆಯಿಡುವುದರಿಂದ ಉಂಟಾಗುವ ಈ ಕಾಯಿಲೆಯಲ್ಲಿ, ಹೊಸದಾಗಿ ಸೋಂಕು ತಗುಲಿದವರಿಗೆ ಕೆಲವು ವಾರಗಳವರೆಗೆ ತುರಿಕೆಯೇ ಕಾಣಿಸದಿರಬಹುದು. ಹಾಗಾಗಿ ತುರಿಸಿಕೊಳ್ಳುವ ಮಗುವಿಗಷ್ಟೇ ಮುಲಾಮು ಹಚ್ಚಿದರೆ ಪಕ್ಕದ ಹಾಸಿಗೆಯಿಂದ ಅದು ಮರಳಿ ಬರುತ್ತದೆ. ಕೋಣೆಯವರೆಲ್ಲರಿಗೂ ವೈದ್ಯರ ಸಲಹೆಯಂತೆ ಒಂದೇ ದಿನ ಚಿಕಿತ್ಸೆ ಕೊಡಿಸಿ, ಬಟ್ಟೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಸಿ ಬಿಸಿಲಿಗೆ ಹಾಕಿಸುವುದಕ್ಕೆ ವಾರ್ಡನ್‌ನ ಒಪ್ಪಿಗೆಯೂ ಅಡುಗೆಮನೆಯ ಸೌದೆಯೂ ಬೇಕಾಗುತ್ತವೆ, ಅವನ್ನು ಹೊಂದಿಸಿಕೊಳ್ಳುವುದೂ ಶುಶ್ರೂಷೆಯ ಭಾಗವೇ. ಎಲ್ಲಕ್ಕಿಂತ ಮುಖ್ಯವಾಗಿ, ಹೇನಿಗಾಗಲಿ ಕಜ್ಜಿಗಾಗಲಿ ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಹೆಸರು ಕೂಗಿ ಹೊರಗೆ ನಿಲ್ಲಿಸಕೂಡದು; ಒಮ್ಮೆ ಅವಮಾನಗೊಂಡ ಮಗು ಮುಂದಿನ ಕಾಯಿಲೆಯನ್ನು ಬಚ್ಚಿಡುತ್ತದೆ.

ವಾರಕ್ಕೊಮ್ಮೆ ಹದಿಹರೆಯದವರಿಗೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯ ವಿಷಯದಲ್ಲೂ ವಿಶ್ವಾಸವೇ ಆಧಾರ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು, ಮಲ ಕಪ್ಪಾದರೆ ಹೆದರಬೇಕಿಲ್ಲ, ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ ಎಂದು ಮೊದಲೇ ತಿಳಿಸದಿದ್ದರೆ ಮಾತ್ರೆಗಳು ಕಿಟಕಿಯಾಚೆ ಬೀಳುತ್ತವೆ, ಲೆಕ್ಕದಲ್ಲಿ ಮಾತ್ರ ನುಂಗಿದವರ ಸಂಖ್ಯೆ ಪೂರ್ತಿಯಾಗಿರುತ್ತದೆ.

ಪದೇ ಪದೇ ಹೊಟ್ಟೆನೋವೆಂದು ಬರುವ ಮಗುವನ್ನು ಪಾಠ ತಪ್ಪಿಸಿಕೊಳ್ಳುವ ನೆವವೆಂದು ಗದರಿ ಕಳಿಸುವ ಮೊದಲು, ಹೇಳಲಾಗದ ಯಾವುದೋ ಭಯ ಆ ನೋವಿನ ಹಿಂದೆ ಇರಬಹುದೆಂದು ನೆನೆಯಬೇಕು. ಆ ಮಗು ಲೈಂಗಿಕ ದೌರ್ಜನ್ಯದ ಸಂಗತಿಯನ್ನು ಬಾಯಿಬಿಟ್ಟರೆ ಅದನ್ನು ನಂಬಿ ಕೇಳಿಸಿಕೊಳ್ಳಬೇಕು, ಆದರೆ ಯಾರಿಗೂ ತಿಳಿಸುವುದಿಲ್ಲವೆಂದು ಮಾತು ಕೊಡಬಾರದು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಇಂಥ ವಿಷಯ ತಿಳಿದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕಾಗಿದ್ದು, ಶಾಲೆಯ ಹೆಸರು ಕೆಡುತ್ತದೆಂದು ಯಾರೇ ತಡೆದರೂ ಆ ಹೊಣೆ ಕೇಳಿಸಿಕೊಂಡವಳ ಮೇಲಿಂದ ಇಳಿಯುವುದಿಲ್ಲ; ಪ್ರಾಂಶುಪಾಲರ ಅನುಮತಿಗಾಗಿ ಅವಳು ಕಾಯಬೇಕಾಗಿಯೂ ಇಲ್ಲ.