ಮೊದಲು ಕೆರೆ, ಆಮೇಲೆ ಬೆಟ್ಟ

ಚಾರಣ ಎಂದ ಕೂಡಲೇ ಹೊಸಬರ ಬಾಯಿಗೆ ಬರುವ ಹೆಸರು ಕುಮಾರಪರ್ವತ, ಇಲ್ಲವೇ ಮುಳ್ಳಯ್ಯನಗಿರಿ. ಹೋಗಬೇಡಿ ಎನ್ನುವುದಿಲ್ಲ, ಈಗಲೇ ಬೇಡ ಎನ್ನುತ್ತೇನೆ. ನೀವು ಮೈಸೂರಿನವರಾದರೆ ಕಾಲಿಗೂ ಕಣ್ಣಿಗೂ ಬೇಕಾದ ಮೊದಲ ಪಾಠಗಳು ಮನೆ ಹತ್ತಿರವೇ ಸಿಗುತ್ತವೆ. ಕೆರೆಯ ಹಾದಿಯಲ್ಲಿ ನೋಡುವುದನ್ನು ಕಲಿಯಬೇಕು, ಬೆಟ್ಟದ ಹಾದಿಯಲ್ಲಿ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಬೇಕು. ಕ್ರಮ ತಿರುಗುಮುರುಗಾದರೆ ಎರಡೂ ಕೈಗೆ ಹತ್ತುವುದಿಲ್ಲ. ಏದುಸಿರು ಬಿಡುತ್ತಿರುವವರಿಗೆ ಮುಂದಿನ ಮೆಟ್ಟಿಲು ಬಿಟ್ಟರೆ ಬೇರೇನೂ ಕಾಣದು.

ಕುಕ್ಕರಹಳ್ಳಿ ಕೆರೆಯಿಂದ ಶುರು ಮಾಡೋಣ. ಮಾನಸಗಂಗೋತ್ರಿಗೆ ಒತ್ತಿಕೊಂಡಿರುವ ಈ ಕೆರೆಯನ್ನು ಒಂದು ಸುತ್ತು ಹಾಕಿದರೆ ನಾಲ್ಕೈದು ಕಿಲೋಮೀಟರ್ ಆಗುತ್ತದೆ. ಹಾದಿ ಬಹುಮಟ್ಟಿಗೆ ಸಮತಟ್ಟು, ಮರಗಳ ನೆರಳೂ ಉಂಟು. ಕುವೆಂಪು ಇಲ್ಲಿ ಅಡ್ಡಾಡುತ್ತಿದ್ದರೆಂಬುದು ಊರಿಗೆಲ್ಲ ಗೊತ್ತು. ಅಷ್ಟಾಗಿ ಗೊತ್ತಿಲ್ಲದಿರುವುದು ಕೆರೆಯ ಮೈಕಟ್ಟು. ಇದು ತಾನಾಗಿ ನಿಂತ ನೀರಲ್ಲ, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಊರಾಚೆಯ ಹೊಲಗದ್ದೆಗಳಿಗೆಂದು ಕಟ್ಟಿಸಿದ್ದು. ಹಾಗಾಗಿ ಮೊದಲ ಸುತ್ತಿನಲ್ಲಿ ಹಕ್ಕಿ ಹೂವು ಯಾವುದೂ ಬೇಡ. ಏರಿ ಯಾವುದು, ಅದನ್ನು ಮಾತ್ರ ಹುಡುಕಿ.

ಗುರುತು ಸುಲಭ. ಒಂದು ಮಗ್ಗುಲಲ್ಲಿ ನೀರಿದ್ದು, ಇನ್ನೊಂದು ಮಗ್ಗುಲ ನೆಲ ಆ ನೀರಿನ ಮಟ್ಟಕ್ಕಿಂತ ಕೆಳಗಿಳಿದಿದೆ ಎನ್ನಿಸಿದರೆ ನೀವು ಏರಿಯ ಮೇಲೆ ನಿಂತಿದ್ದೀರಿ. ಹಳೆಯ ಕೆರೆಗಳ ಏರಿಗೆ ಒಳಮೈಯಲ್ಲಿ ಕಲ್ಲು ಹೊದಿಸಿರುತ್ತಾರೆ, ಅಲೆ ಬಡಿದು ಮಣ್ಣು ಕೊರೆಯದಿರಲೆಂದು. ಗದ್ದೆಗೆ ನೀರು ಬಿಡುವ ಕಿಂಡಿ ತೂಬು. ಕೆರೆ ತುಂಬಿದಾಗ ಹೆಚ್ಚಾದ ನೀರು ಏರಿಯನ್ನು ಒಡೆಯದೆ ಹರಿದುಹೋಗುವ ಜಾಗ ಕೋಡಿ. ಏರಿಯ ಬುಡದಲ್ಲಿ ನೀರು ಆಳ. ಎದುರು ದಡದಲ್ಲಿ ನೆಲ ಮೆಲ್ಲಗೆ ಇಳಿದು ನೀರಿನೊಳಗೆ ಸೇರುತ್ತದೆ, ಅಲ್ಲಿ ಮೊಣಕಾಲುದ್ದದ ನೀರು, ಜೊಂಡು, ಕೆಸರು. ಇಷ್ಟು ಗೊತ್ತಾದರೆ ಎರಡನೇ ಸುತ್ತಿಗೆ ನೀವು ತಯಾರು.

ಏಕೆಂದರೆ ಹಕ್ಕಿಗಳು ಆಳ ನೋಡಿಕೊಂಡೇ ಜಾಗ ಹಿಡಿಯುತ್ತವೆ. ಜೊಂಡಿನ ಕಡೆ ಜಂಬುಕೋಳಿ ನೀಲಿ ಮೈ ಹೊತ್ತು, ಉದ್ದ ಬೆರಳುಗಳನ್ನು ಎತ್ತಿಟ್ಟು ನಡೆಯುತ್ತದೆ. ಬಣ್ಣದ ಕೊಕ್ಕರೆ ಆಳವಿಲ್ಲದ ನೀರಲ್ಲಿ ಕೊಕ್ಕನ್ನು ಅರೆತೆರೆದು ಅದ್ದಿ ಅತ್ತಿತ್ತ ಆಡಿಸುತ್ತದೆ, ಮೀನು ತಗುಲಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಣ್ಣಿನ ಕೆಲಸ ಕಡಿಮೆ, ಕೊಕ್ಕಿನ ಸ್ಪರ್ಶದ್ದೇ ಹೆಚ್ಚು. ನಡುನೀರಿನಲ್ಲಿ ಹೆಜ್ಜಾರ್ಲೆ. ಆಳದ ಕಡೆ ಮುಳುಗುಗಾರರು: ಗುಳುಮುಳುಕ, ನೀರುಕಾಗೆ, ಹಾವಕ್ಕಿ. ಹಾವಕ್ಕಿ ಈಜುವಾಗ ಮೈಯೆಲ್ಲ ನೀರಡಿ, ಮೇಲೆ ಕಾಣುವುದು ಡೊಂಕು ಕತ್ತು ಮಾತ್ರ. ಹೊಸಬರು ಅದನ್ನು ಹಾವೆಂದೇ ತಿಳಿದು ಕೂಗುವುದುಂಟು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನೀರುಕಾಗೆ ಬಂಡೆಯ ಮೇಲೋ ಒಣಕೊಂಬೆಯ ಮೇಲೋ ಎರಡೂ ರೆಕ್ಕೆ ಹರವಿ ಕೂತಿರುತ್ತದೆ. ಹತ್ತಿರದಲ್ಲೇ ಗುಳುಮುಳುಕವೂ ದಿನವಿಡೀ ಮುಳುಗಿ ಏಳುತ್ತಿರುತ್ತದೆ, ಆದರೆ ಅದು ಹೀಗೆ ರೆಕ್ಕೆ ಒಣಗಿಸುವುದನ್ನು ನೀವು ಕಾಣಲಾರಿರಿ. ಗುಳುಮುಳುಕದ ಗರಿಗೆ ನೀರು ಅಂಟುವುದಿಲ್ಲ. ನೀರುಕಾಗೆಯ ಗರಿಯ ಹೊರಭಾಗ ನೀರು ಕುಡಿಯುತ್ತದೆ, ಗಾಳಿ ಹೊರಬಿದ್ದು ಮೈ ಭಾರವಾಗುತ್ತದೆ, ಮೀನಿನ ಹಿಂದೆ ಮುಳುಗುವುದು ಸಲೀಸಾಗುತ್ತದೆ. ಅದಕ್ಕೆ ತೆರುವ ಬೆಲೆ ಈ ಬಿಸಿಲು ಕಾಯುವಿಕೆ. ಮೊಬೈಲಿನಲ್ಲಿ ಚಿತ್ರ ತೆಗೆದು ಮುಂದೆ ಓಡುವವರಿಗೆ ಇದು ಕಾಣುವುದಿಲ್ಲ ಎಂದರೆ ನನ್ನ ಮೇಲೆ ಸಿಟ್ಟಾಗಬೇಡಿ.

ಕುಕ್ಕರಹಳ್ಳಿ ಪಳಗಿದ ಮೇಲೆ ಲಿಂಗಾಂಬುಧಿಗೆ ಹೋಗಿ. ಅದೇ ಒಡೆಯರು 1828ರಲ್ಲಿ ತಮ್ಮ ರಾಣಿಯ ಹೆಸರಿನಲ್ಲಿ ಕಟ್ಟಿಸಿದ ಕೆರೆ, ಈಗ ಅರಣ್ಯ ಇಲಾಖೆಯ ಸುಪರ್ದಿನಲ್ಲಿದೆ. ಅಲ್ಲಿ ಏರಿಯನ್ನು ಯಾರೂ ತೋರಿಸಿಕೊಡದೆ ನೀವೇ ಗುರುತಿಸಬೇಕು. ಕಾರಂಜಿ ಕೆರೆ ಚೆಂದವೇ, ಆದರೆ ಟಿಕೆಟ್ಟು, ದೋಣಿ, ಜನಜಂಗುಳಿಯ ನಡುವೆ ಕಲಿಯುವುದು ಕಷ್ಟ.

ಸಾಮಾನಿನ ಪಟ್ಟಿ ದೊಡ್ಡದೇನಿಲ್ಲ. ಅಡಿ ಜಾರದ, ಈಗಾಗಲೇ ಹಾಕಿ ರೂಢಿಯಾದ ಬೂಟು, ಒಂದು ಲೀಟರ್ ನೀರು, ಟೋಪಿ. ಸೆಂಟು ಹಾಕಿಕೊಂಡು ಬರಬೇಡಿ, ಎತ್ತರದ ಮರದಲ್ಲಿ ಹೆಜ್ಜೇನು ಕಟ್ಟಿರಬಹುದು. ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ.

ಇನ್ನು ಚಾಮುಂಡಿ ಬೆಟ್ಟ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಮೇಲೆ, ಹತ್ತಲು ಸುಮಾರು ಸಾವಿರ ಮೆಟ್ಟಿಲು. ಕಾಲಡಿಯ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ವಯಸ್ಸು. ಅಕ್ಕಪಕ್ಕದ್ದು ಮಲೆನಾಡಿನ ದಟ್ಟ ಕಾಡಲ್ಲ, ಮಳೆ ಕಡಿಮೆಯ ಮುಳ್ಳುಪೊದೆಯ ಕುರುಚಲು ಕಾಡು. ಕಗ್ಗಲಿ, ಎಲಚಿ, ಕಾರೆ, ನಡುವೆ ಎಲ್ಲೆಡೆ ನುಗ್ಗಿರುವ ಲಂಟಾನ. ಮಾರ್ಚಿನಲ್ಲಿ ಎಲೆ ಉದುರಿ ಬೆಟ್ಟ ಸತ್ತಂತೆ ಕಾಣುತ್ತದೆ. ಸತ್ತಿರುವುದಿಲ್ಲ, ನೀರು ಉಳಿಸಿಕೊಳ್ಳುತ್ತಿರುತ್ತದೆ. ಬೆಂಕಿಯ ಭಯವೂ ಆಗಲೇ ಹೆಚ್ಚು, ಬೀಡಿ ಸಿಗರೇಟು ಜೇಬಿನಿಂದ ಹೊರಗೆ ಬರಬಾರದು.

ಹತ್ತುವಾಗ ಜೊತೆಯವರೊಡನೆ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತಿದೆಯೇ ನೋಡಿಕೊಳ್ಳಿ. ಮಾತು ಅರ್ಧಕ್ಕೆ ತುಂಡಾದರೆ ನಿಮ್ಮ ವೇಗ ಹೆಚ್ಚಾಯಿತು. ಹರಕೆ ಹೊತ್ತ ಹೆಂಗಸರು ಮೆಟ್ಟಿಲು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಡುತ್ತಾ ಹತ್ತುತ್ತಾರಲ್ಲ, ಅವರ ಹಿಂದೆಯೇ ಸ್ವಲ್ಪ ದೂರ ನಡೆಯಿರಿ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ನಡಿಗೆ ಯಾರೂ ಕಲಿಸಲಾರರು. ಮುಕ್ಕಾಲು ದಾರಿಯ ಹತ್ತಿರ ದೊಡ್ಡ ದೇವರಾಜ ಒಡೆಯರ ಕಾಲದ ನಂದಿ ಸಿಗುತ್ತದೆ, ಒಂದೇ ಬಂಡೆಯಲ್ಲಿ ಕಡೆದದ್ದು. ಮೊದಲ ಸಲ ಅಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ. ಆಷಾಢ ಶುಕ್ರವಾರ ಮಾತ್ರ ನಡಿಗೆಯ ಪಾಠಕ್ಕೆಂದು ಬರಬೇಡಿ, ಕಾಲಿಡಲು ಜಾಗವಿರುವುದಿಲ್ಲ.

ಕೈಯಲ್ಲಿ ಕವರ್ ತೂಗಾಡಿಸಿಕೊಂಡು ಹೋದರೆ ಕೋತಿಗಳು ಬಿಡುವುದಿಲ್ಲ, ಎಲ್ಲವೂ ಬೆನ್ನಚೀಲದೊಳಗಿರಲಿ. ಮೆಟ್ಟಿಲು ಬಿಟ್ಟು ಪೊದೆಯೊಳಗಿನ ಕಾಲುದಾರಿಗೆ ಇಳಿಯಬೇಡಿ. ಅದು ಮೀಸಲು ಅರಣ್ಯ, ಚಿರತೆ ಓಡಾಡುವ ಜಾಗ, ಬೆಳಕು ಹರಿಯುವ ಮುಂಚೆ ಏಕಾಂಗಿಯಾಗಿ ಹತ್ತುವುದೂ ಜಾಣತನವಲ್ಲ. ಮಂಡಿಗೆ ಪೆಟ್ಟಾಗುವುದು ಸಾಮಾನ್ಯವಾಗಿ ಇಳಿಯುವಾಗ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿ ಸ್ವಲ್ಪ ಮಡಿಸಿಯೇ ಇರಲಿ. ನೋವು ಶುರುವಾಯಿತೆನ್ನಿಸಿದರೆ ಹಟ ಬೇಡ, ಬೆಟ್ಟದ ಮೇಲಿಂದ ಪೇಟೆಗೆ ನಗರ ಸಾರಿಗೆ ಬಸ್ಸಿದೆ.