ಸುತ್ತು ಹೆಚ್ಚಾದರೆ ಚಿಕಿತ್ಸೆ ಕೆಟ್ಟಿತೆಂದಲ್ಲ

ಭದ್ರಾವತಿಯ ಸೋದರಿಗೆ,

ಶಿವಮೊಗ್ಗದಲ್ಲಿ ಎಪ್ಲಿ ಚಿಕಿತ್ಸೆ (ತಲೆ ತಿರುಗಿಸಿ ಒಳಕಿವಿಯ ಹರಳುಗಳನ್ನು ಜಾಗಕ್ಕೆ ಸೇರಿಸುವ ವಿಧಾನ) ಮಾಡಿಸಿದ ಮೇಲೆ ನಿಮ್ಮ ತಾಯಿಗೆ ಮಗ್ಗುಲು ಹೊರಳಿದರೆ ಮೊದಲಿಗಿಂತ ಜೋರಾಗಿ ತಲೆ ಸುತ್ತುತ್ತಿದೆ ಎಂದಿದ್ದೀರಿ. ಒಳಕಿವಿಯ ಹಿಂಬದಿ ನಾಲೆಯಿಂದ ಹೊರಟ ಕ್ಯಾಲ್ಸಿಯಂ ಹರಳುಗಳು ಸ್ವಸ್ಥಾನ ಸೇರುವ ಬದಲು ಪಕ್ಕದ ಅಡ್ಡ ನಾಲೆಗೆ ನುಗ್ಗಿರಬಹುದು. ಅಪರೂಪ, ಆದರೆ ವೈದ್ಯರಿಗೆ ಗೊತ್ತಿರುವ ತೊಡಕೇ. ಎಷ್ಟೋ ಸಲ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಮೊಬೈಲಿನಲ್ಲಿ ವಿಡಿಯೊ ನೋಡಿ ಮತ್ತೆ ಎಪ್ಲಿ ಮಾಡಿಸಬೇಡಿ. ಅಡ್ಡ ನಾಲೆಗೆ ಮಲಗಿಸಿ ಉರುಳಿಸುವ ಬೇರೆಯೇ ವಿಧಾನವಿದೆ. ಯಾವ ನಾಲೆ ಎಂಬುದನ್ನು ಕಣ್ಣುಗುಡ್ಡೆಯ ಅದುರಾಟ ನೋಡಿಯೇ ಹೇಳಬೇಕು.

ಇನ್ನೂ ವಿರಳವಾಗಿ, ಬಿ.ಎಚ್. ರಸ್ತೆಯಲ್ಲಿ ಲಾರಿ ಅಡ್ಡ ನಿಂತ ಹಾಗೆ, ಹರಳುಗಳು ನಾಲೆಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ತಲೆ ಅಲ್ಲಾಡಿಸದಿದ್ದರೂ ಸುತ್ತು ನಿಲ್ಲದು, ವಾಂತಿಯೂ ಬರಬಹುದು. ಅದೇ ದಿನ ಚಿಕಿತ್ಸೆ ಮಾಡಿದವರಲ್ಲಿಗೋ ಮೆಗ್ಗಾನ್ ಆಸ್ಪತ್ರೆಗೋ ಹೋಗಿ. ಬೈಕಿನ ಹಿಂದೆ ಕೂರಿಸಿಕೊಂಡು ಮಾತ್ರ ಬೇಡ, ದಯವಿಟ್ಟು! ಕುತ್ತಿಗೆ ಸವೆತವೋ ಕಣ್ಣಿನ ಪರದೆಯ ತೊಂದರೆಯೋ ಇದ್ದರೆ ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸಿ.

ಮಾತು ತೊದಲಿದರೆ, ಎರಡೆರಡಾಗಿ ಕಂಡರೆ, ಕೈಕಾಲು ಸೋತರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಅದನ್ನು ಹರಳಿನ ತಲೆಗೆ ಕಟ್ಟಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.