ಗಣಕಯಂತ್ರದ ಎರಡು ಮಿದುಳುಗಳು: ಒಂದು ತುಲನೆ

ಮೇಜಿನ ಮೇಲಿಟ್ಟು ಬಳಸುವ ಗಣಕಯಂತ್ರವನ್ನು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, ‘ಇವುಗಳಲ್ಲಿ ಹೆಚ್ಚು ವೇಗದ್ದು ಯಾವುದು?’ ಎಂಬುದು. ಪ್ರಶ್ನೆ ಸಹಜವಾದುದೇ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಮಕ್ಕಳ ಓದಿಗಾಗಿ ಒಮ್ಮೆಗೇ ವೆಚ್ಚಮಾಡುವ ಕುಟುಂಬಕ್ಕೆ ಸರಿಯಾದ ಉತ್ತರ ದೊರೆಯುವುದು ಅವಶ್ಯ. ಆದರೆ ಪ್ರಶ್ನೆಯನ್ನು ಈ ರೂಪದಲ್ಲಿ ಕೇಳಿದರೆ ಅದಕ್ಕೆ ಉತ್ತರವೇ ಇಲ್ಲ. ಏಕೆ ಇಲ್ಲವೆಂಬುದನ್ನು ಒಂದು ನಿಜವಾದ ಜೋಡಿಯನ್ನೇ ತೆಗೆದುಕೊಂಡು ಪರಿಶೀಲಿಸೋಣ.

ಗಣಕದ ಲೆಕ್ಕಾಚಾರಗಳನ್ನು ನಡೆಸುವ ಅಂಗಕ್ಕೆ ಪ್ರೊಸೆಸರ್ ಅಥವಾ ಸಂಸ್ಕಾರಕವೆಂದು ಹೆಸರು. ೨೦೧೭ರ ಜನವರಿಯಲ್ಲಿ ಇಂಟೆಲ್ ಸಂಸ್ಥೆಯು ‘ಕೋರ್ ಐ೭-೭೭೦೦ಕೆ’ ಎಂಬ ಸಂಸ್ಕಾರಕವನ್ನು ಹೊರತಂದಿತು. ಅದೇ ವರ್ಷದ ಮಾರ್ಚಿಯಲ್ಲಿ ಎಎಂಡಿ ಸಂಸ್ಥೆಯ ‘ರೈಜೆನ್ ೭ ೧೭೦೦’ ಬಂದಿತು. ಅಮೆರಿಕದಲ್ಲಿ ಮೊದಲನೆಯದಕ್ಕೆ ೩೩೯ ಡಾಲರ್, ಎರಡನೆಯದಕ್ಕೆ ೩೨೯ ಡಾಲರ್ ಬೆಲೆ ಗೊತ್ತಾಯಿತು. ಬೆಲೆ ಹೆಚ್ಚುಕಡಿಮೆ ಒಂದೇ; ಒಳಗಿನ ರಚನೆ ಮಾತ್ರ ತೀರ ಬೇರೆ. ಆದುದರಿಂದಲೇ ಈ ಜೋಡಿ ನಮ್ಮ ಪಾಠಕ್ಕೆ ಹೇಳಿ ಮಾಡಿಸಿದಂತಿದೆ.

ಸಂಸ್ಕಾರಕದೊಳಗೆ ಸ್ವತಂತ್ರವಾಗಿ ಲೆಕ್ಕ ಹಾಕಬಲ್ಲ ಘಟಕಗಳಿರುತ್ತವೆ. ಇವುಗಳಿಗೆ ಕೋರ್ ಎನ್ನುವರು. ಪ್ರತಿಯೊಂದು ಕೋರೂ ಗಡಿಯಾರದ ಬಡಿತಕ್ಕೆ ಹೆಜ್ಜೆಯಿಡುವಂತೆ ಕೆಲಸ ಮಾಡುವುದು. ಇಂಟೆಲ್‌ನದರಲ್ಲಿ ೪ ಕೋರುಗಳಿವೆ; ಅದರ ಮೂಲ ವೇಗ ೪.೨ ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ೪೨೦ ಕೋಟಿ ಬಡಿತ. ಎಎಂಡಿಯದರಲ್ಲಿ ೮ ಕೋರುಗಳಿವೆ. ಅದರ ಮೂಲ ವೇಗ ೩.೦ ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ೩೦೦ ಕೋಟಿ ಬಡಿತ. ಒಂದರಲ್ಲಿ ಚುರುಕಾದ ನಾಲ್ವರು ಕೆಲಸಗಾರರು, ಇನ್ನೊಂದರಲ್ಲಿ ಸ್ವಲ್ಪ ನಿಧಾನವಾದ ಎಂಟು ಮಂದಿ ಇದ್ದಂತಾಯಿತು.

ಬೆಲೆಯನ್ನು ಕೋರುಗಳ ಲೆಕ್ಕಕ್ಕೆ ಹಂಚಿದರೆ, ಇಂಟೆಲ್‌ನ ಒಂದು ಕೋರಿಗೆ ಸುಮಾರು ೮೫ ಡಾಲರ್, ಎಎಂಡಿಯ ಒಂದು ಕೋರಿಗೆ ಸುಮಾರು ೪೧ ಡಾಲರ್ ಬೀಳುತ್ತದೆ. ಹಾಗಾದರೆ ಎರಡನೆಯದು ಅರ್ಧ ಬೆಲೆಗೆ ದೊರೆತಂತಲ್ಲವೇ? ಅವಸರಪಡಬಾರದು. ಹೂ ಕಟ್ಟುವವರನ್ನು ನೆನೆಯೋಣ. ಉತ್ಸವಕ್ಕೆ ನೂರು ಮಾಲೆಗಳು ಬೇಕಾದರೆ ಎಂಟು ಮಂದಿ ಹಂಚಿಕೊಂಡು ಬೇಗ ಮುಗಿಸುವರು. ಆದರೆ ಒಂದೇ ನೂಲಿನಲ್ಲಿ ಹೂವಿನ ಹಿಂದೆ ಹೂವನ್ನು ಪೋಣಿಸಿ ಒಂದೇ ಮಾಲೆಯನ್ನು ಕಟ್ಟಬೇಕಾದರೆ, ಒಬ್ಬರ ಕೈಗಷ್ಟೇ ಕೆಲಸ. ಉಳಿದ ಏಳು ಮಂದಿ ಕುಳಿತು ನೋಡಬೇಕಾಗುವುದು. ಅಲ್ಲಿ ಬೇಕಾದುದು ಚುರುಕಾದ ಒಂದು ಜೊತೆ ಕೈಗಳೇ ಹೊರತು ಜನಬಲವಲ್ಲ.

ಗಣಕದ ಕೆಲಸಗಳೂ ಹೀಗೆಯೇ. ಚಲನಚಿತ್ರವೊಂದರ ಚೌಕಟ್ಟುಗಳನ್ನು ರಚಿಸುವ ಕೆಲಸ ನೂರು ಮಾಲೆಗಳಂತೆ. ಅದನ್ನು ಸುಲಭವಾಗಿ ಹಂಚಬಹುದು. ಒಂದು ಲೆಕ್ಕದ ಉತ್ತರ ಬಂದ ಹೊರತು ಮುಂದಿನದನ್ನು ತೊಡಗಲಾಗದ ಕೆಲಸ ಒಂದೇ ಮಾಲೆಯಂತೆ. ಹೆಚ್ಚಿನ ಕೆಲಸಗಳಲ್ಲಿ ಈ ಎರಡು ಬಗೆಗಳೂ ಬೆರೆತಿರುತ್ತವೆ. ಹಂಚಲಾಗದ ಭಾಗವೇ ಒಟ್ಟು ವೇಗಕ್ಕೆ ಮಿತಿಯನ್ನು ಹಾಕುವುದೆಂದು ಅಮೆರಿಕದ ಗಣಕ ವಿನ್ಯಾಸಕಾರ ಜೀನ್ ಆಮ್ಡಾಲ್ ೧೯೬೭ರಲ್ಲಿ ತೋರಿಸಿಕೊಟ್ಟನು. ಈ ತತ್ತ್ವಕ್ಕೆ ಆಮ್ಡಾಲ್‌ನ ನಿಯಮವೆಂದೇ ಹೆಸರಾಗಿದೆ.

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಇಂಟೆಲ್‌ನ ಒಂದೇ ಕೋರಿಗೆ ೬೦ ನಿಮಿಷ ಹಿಡಿಯುವ ಕೆಲಸವೊಂದಿದೆಯೆನ್ನೋಣ. ಪ್ರತಿ ಬಡಿತಕ್ಕೂ ಎರಡೂ ಸಂಸ್ಕಾರಕಗಳು ಸಮನಾದ ಕೆಲಸ ಮಾಡುತ್ತವೆಂದು ಭಾವಿಸಿದರೆ, ಎಎಂಡಿಯ ಒಂದು ಕೋರಿಗೆ ಅದೇ ಕೆಲಸ ೮೪ ನಿಮಿಷ ಹಿಡಿಯುವುದು. ಕೆಲಸದಲ್ಲಿ ನೂರಕ್ಕೆ ೫ ಭಾಗ ಮಾತ್ರ ಹಂಚಲಾಗದ್ದು ಎಂದಿಟ್ಟುಕೊಳ್ಳಿ. ಆಗ ನಾಲ್ಕು ಕೋರುಗಳಿಗೆ ೩ ನಿಮಿಷ ಮತ್ತು ೫೭ರ ಕಾಲುಭಾಗ, ಒಟ್ಟು ೧೭ ಕಾಲು ನಿಮಿಷ. ಎಂಟು ಕೋರುಗಳಿಗೆ ಸುಮಾರು ೧೪ ನಿಮಿಷ. ಎಎಂಡಿಯದು ಗೆದ್ದಿತು. ಹಂಚಲಾಗದ ಭಾಗ ಅರ್ಧದಷ್ಟಿದ್ದರೆ ನಾಲ್ಕು ಕೋರುಗಳಿಗೆ ೩೭ ಅರೆ ನಿಮಿಷ, ಎಂಟು ಕೋರುಗಳಿಗೆ ೪೭ ಕಾಲು ನಿಮಿಷ. ಈಗ ಗೆದ್ದುದು ಇಂಟೆಲ್‌ನದು. ಇದೇ ಲೆಕ್ಕದಂತೆ, ಹಂಚಲಾಗದ ಭಾಗ ನೂರಕ್ಕೆ ಸುಮಾರು ೧೬ ಆದಾಗ ಎರಡೂ ಸರಿಸಮವಾಗುತ್ತವೆ.

ಈ ಲೆಕ್ಕ ಸರಳಗೊಳಿಸಿದುದೆಂಬುದನ್ನು ವಾಚಕರು ಮರೆಯಬಾರದು. ಒಂದೇ ಕೋರು ದುಡಿಯುವಾಗ ಅದರ ವೇಗ ಏರುವುದುಂಟು, ಇಂಟೆಲ್‌ನದು ೪.೫, ಎಎಂಡಿಯದು ೩.೭ ಗಿಗಾಹರ್ಟ್ಸ್‌ವರೆಗೆ ಹೋಗಬಲ್ಲುದು. ಇದರಿಂದ ಅಂತರ ಕೊಂಚ ಕಿರಿದಾಗುತ್ತದೆ. ಅತ್ತ, ಒಂದೊಂದು ಬಡಿತಕ್ಕೆ ನಡೆಯುವ ಕೆಲಸ ಎಎಂಡಿಯದರಲ್ಲಿ ತುಸು ಕಡಿಮೆ. ಆದರೂ ಪರೀಕ್ಷಕರಿಗೆ ಕಂಡುಬಂದ ಫಲಿತಾಂಶಗಳು ಇದೇ ದಿಕ್ಕಿನಲ್ಲಿದ್ದವು: ಚಿತ್ರರಚನೆ, ವಿಡಿಯೋ ಪರಿವರ್ತನೆಗಳಲ್ಲಿ ಎಂಟು ಕೋರಿನದು ಮುಂದು, ಆ ಕಾಲದ ಬಹುಪಾಲು ಆಟಗಳಲ್ಲಿ ನಾಲ್ಕು ಕೋರಿನದು ಮುಂದು.

ಇನ್ನು ಬೆಲೆಯ ವಿಚಾರ. ಪೆಟ್ಟಿಗೆಯ ಮೇಲಿನ ಬೆಲೆಯೇ ಪೂರ್ತಿ ಬೆಲೆಯಲ್ಲ. ರೈಜೆನ್‌ನೊಡನೆ ಬಿಸಿಯನ್ನು ಹೊರಹಾಕುವ ಫ್ಯಾನು ಬರುತ್ತಿತ್ತು; ಇಂಟೆಲ್‌ನದಕ್ಕೆ ಬೇರೆಯಾಗಿ ಕೊಳ್ಳಬೇಕಿತ್ತು. ಆದರೆ ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಅಂಗ ಇಂಟೆಲ್‌ನದರೊಳಗೇ ಇತ್ತು; ರೈಜೆನ್ ಕೊಂಡವರು ಅದಕ್ಕಾಗಿ ಗ್ರಾಫಿಕ್ಸ್ ಕಾರ್ಡನ್ನು ತರಬೇಕಿತ್ತು. ಬರಿಯ ಬರವಣಿಗೆ, ಲೆಕ್ಕಪತ್ರಗಳಿಗೆ ಗಣಕ ಬೇಕಾದವರಿಗೆ ಈ ಒಂದು ಅಂಶವೇ ತಕ್ಕಡಿಯನ್ನು ವಾಲಿಸಬಲ್ಲುದು.

ಮುಂದಿನ ದಿನಗಳ ಬೆಲೆಯೂ ಒಂದುಂಟು. ೨೦೧೭ರ ಅಕ್ಟೋಬರಿನಲ್ಲಿಯೇ ಇಂಟೆಲ್ ಆರು ಕೋರುಗಳ ಸಂಸ್ಕಾರಕವನ್ನು ತಂದಿತು. ಅದನ್ನು ಕೂರಿಸುವ ಕುಳಿಯ ಆಕಾರ ಹಿಂದಿನದೇ ಆಗಿದ್ದರೂ ಹಳೆಯ ಮದರ್‌ಬೋರ್ಡಿನಲ್ಲಿ ಅದು ನಡೆಯದೆ, ಹೊಸ ಬೋರ್ಡನ್ನೇ ಕೊಳ್ಳಬೇಕಾಯಿತು. ರೈಜೆನ್ ಕೊಂಡವರಲ್ಲಿ ಹಲವರು, ಬೋರ್ಡಿನ ಮೂಲ ತಂತ್ರಾಂಶವನ್ನು ನವೀಕರಿಸಿಕೊಂಡು, ೨೦೨೨ರಲ್ಲಿ ಬಂದ ‘೫೮೦೦ಎಕ್ಸ್೩ಡಿ’ಯನ್ನು ಸಹ ಅದೇ ಬೋರ್ಡಿನಲ್ಲಿ ಕೂರಿಸಬಹುದಾಯಿತು.

ಇಂದು ಈ ಎರಡೂ ಹಳೆಯವಾಗಿ ಮರುಮಾರಾಟದ ಅಂಗಡಿಗಳನ್ನು ಸೇರಿವೆ. ಅಗ್ಗವೆಂದು ಕೊಳ್ಳುವವರು ಒಂದು ಸಂಗತಿಯನ್ನು ತಿಳಿದಿರಬೇಕು. ವಿಂಡೋಸ್ ೧೧ಕ್ಕೆ ಮೈಕ್ರೋಸಾಫ್ಟ್ ಒಪ್ಪಿರುವ ಸಂಸ್ಕಾರಕಗಳ ಪಟ್ಟಿಯಲ್ಲಿ ಇವೆರಡೂ ಇಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿದೆ. ಲಿನಕ್ಸ್ ಬಳಸುವವರಿಗೆ ಇವು ಇಂದಿಗೂ ಚೆನ್ನಾಗಿ ದುಡಿಯಬಲ್ಲವು.

ಹೀಗಿರಲು, ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ. ನಮ್ಮ ಮನೆಯ ಕೆಲಸ ನೂರು ಮಾಲೆಗಳದೋ, ಒಂದೇ ಮಾಲೆಯದೋ? ಅದಕ್ಕೆ ಜೊತೆಯಾಗಿ ಇನ್ನೇನೇನು ಕೊಳ್ಳಬೇಕು? ಎಷ್ಟು ವರ್ಷ ಅದು ನಮಗೆ ಉಳಿಯಬೇಕು? ಈ ಮೂರಕ್ಕೆ ಮನೆಯಲ್ಲಿಯೇ ಉತ್ತರವನ್ನು ಬರೆದುಕೊಂಡು ಹೊರಟವರು, ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳಿಗೆ ಮರುಳಾಗಿ ಹಣ ಕಳೆದುಕೊಳ್ಳುವ ಭಯವಿಲ್ಲ.